ಮಸೀದಿ ಬಾಗಿಲಿಗೆ ಬಂದ ಕೆಂಪು ನೀರು

ಗೆಳೆಯರೇ, ಇವತ್ತು ಹರಿಹರದಲ್ಲಿ ಶುಕ್ರವಾರದ ನಮಾಜಿನ ಹೊತ್ತಿಗೆ ನಮ್ಮ ಓಣಿಯ ಗಂಗವ್ವ ಕೊಡ ಹೊತ್ತು ಮಸೀದಿ ಬಾಗಿಲಿಗೇ ಬಂದಳು.

"ನಮ್ಮ ಬಾವಿ ನೀರು ನೋಡ್ರಿ, ಮೌಲ್ವಿ ಸಾಹೇಬ್ರೆ!"

ನೀರು ಕೆಂಪಗಿತ್ತು. ನೂಲಿಗೆ ಬಣ್ಣ ಹಾಕುವ ರಹೀಂ ಸಾಬರ ಭಟ್ಟಿಯ ಕೊಳೆನೀರು ಬಾವಿಗೆ ಇಳಿದಿತ್ತು. ಸಾಬರು ಅಲ್ಲೇ ನಿಂತಿದ್ದರು. ಮೌಲ್ವಿಗಳು ಕೊಡವನ್ನು ಅವರ ಮುಂದಿಟ್ಟು, "ನಮಾಜಿಗೆ ಇದರಾಗೇ ಕೈಕಾಲು ತೊಳೀರಿ," ಅಂದರು.

"ಇದರಾಗ ಹೆಂಗೆ ತೊಳೀಲಿ?"

"ಅವ್ರು ಹೆಂಗೆ ಕುಡೀಬೇಕ್ರಿ?"

ಸಾಬರು ತಲೆ ತಗ್ಗಿಸಿದರು. ಮುಂದೇನಾದೀತು ಅಂತ ನಾನು ಕಾದೆ. ನಮಾಜು ಮುಗಿಸಿ ಎಲ್ಲರೂ ಭಟ್ಟಿಗೆ ನಡೆದರು. ಬಾವಿ ಕಡೆಯ ಕಾಲುವೆ ಮುಚ್ಚಿ, ಕೊಳೆನೀರಿಗೆ ದೂರದಲ್ಲಿ ಗುಂಡಿ ತೋಡತೊಡಗಿದರು. ಮೊದಲು ಗುದ್ದಲಿ ಹಿಡಿದವರು ಸಾಬರೇ. ಬಾವಿ ತಿಳಿಯಾಗುವವರೆಗೆ ಓಣಿಗೆಲ್ಲ ಮಸೀದಿ ಬಾವಿಯ ನೀರಂತೆ.

ಗಂಗವ್ವ ಗುಂಡಿಯ ಅಂಚಿನಲ್ಲಿ ನಿಂತು, "ಇನ್ನೂ ಆಳ ಆಗ್ಲಿ!" ಅನ್ನುತ್ತಿದ್ದಳು. ಊರಿಗೆ ಹೊಸ ಮೇಸ್ತ್ರಿ ಸಿಕ್ಕಳು ನೋಡಿ.