ನಾನು ಕೇಳಿಸಿಕೊಳ್ಳದೆ ಪಾಸು ಮಾಡಿದ ಅಧ್ಯಾಯ

ನಾನು ಫೇಲಾಗಿ ಆದ ಅನಾಹುತಗಳಿಗಿಂತ ಪಾಸು ಮಾಡಿ ಆದ ಅನಾಹುತವೇ ದೊಡ್ಡದು. ರಿಟೈರಾದ ಇಂಗ್ಲಿಷ್ ಟೀಚರೊಬ್ಬರು ಮೂರು ವರ್ಷದಿಂದ ಕೂತು ಬರೆಯುತ್ತಿದ್ದ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವನ್ನು, ಒಂದೇ ಒಂದು ವಾಕ್ಯವನ್ನೂ ಕೇಳಿಸಿಕೊಳ್ಳದೆ, ಡಿಸ್ಟಿಂಕ್ಷನ್‌ನಲ್ಲಿ ಪಾಸು ಮಾಡಿದವನು ನಾನು. ಕ್ರಿಕೆಟ್‌ಗೆ ಲೇಟಾಗುತ್ತಿತ್ತು. ಇದಕ್ಕಿಂತ ಘನವಾದ ಕಾರಣ ನನ್ನ ಹತ್ತಿರ ಅಂದೂ ಇರಲಿಲ್ಲ, ಇಂದೂ ಇಲ್ಲ.

ಹೋದ ವಾರ ಜಯನಗರದ ಒಂದು ಬೇಕರಿ ಮುಂದೆ ಗಾಡಿ ನಿಲ್ಲಿಸಿದಾಗ ಒಳಗಿನಿಂದ ಕಲ್‌ಕಲ್ ಕರಿಯುವ ವಾಸನೆ ಬಂತು. ಕ್ರಿಸ್‌ಮಸ್‌ಗೆ ಮಾಡುವ, ಪುಟ್ಟ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಸಿಹಿ ಅದು. ಪದ್ಮನಾಭನಗರದಲ್ಲಿ ನಮ್ಮ ಎದುರು ಮನೆಯ ಮಹಡಿಯಲ್ಲಿದ್ದ ಆ ಟೀಚರು, ಅಂದರೆ ನಮ್ಮ ಮಿಸ್, ಅದನ್ನು ವರ್ಷಪೂರ್ತಿ ಮಾಡುತ್ತಿದ್ದರು. ಯಾಕೆ ಎಂದು ಕೇಳಿದರೆ, "ಡಿಸೆಂಬರ್‌ವರೆಗೂ ಕಾಯೋಕೆ ನಂಗೇನು ಇಪ್ಪತ್ತು ವರ್ಷನಾ?" ಎನ್ನುತ್ತಿದ್ದರು. ಹೆಲ್ಮೆಟ್ ತೆಗೆಯುವುದನ್ನೂ ಮರೆತು ಅಲ್ಲೇ ನಿಂತಿದ್ದೆ... ಹಿಂದಿನ ಆಟೋದವರು ನನ್ನ ವಂಶವನ್ನೆಲ್ಲ ನೆನೆಸಿಕೊಂಡ ಮೇಲೆ ಗಾಡಿ ಪಕ್ಕಕ್ಕೆ ತಳ್ಳಿದೆ.

ಆಗ ನಾನು ಬಿ.ಕಾಂ. ಇಂಗ್ಲಿಷಿನಲ್ಲಿ ಎರಡನೇ ಸಲ ಡುಮ್ಕಿ ಹೊಡೆದಿದ್ದೆ. ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ಮಿಸ್ ಮುಂದೆ ನಿಲ್ಲಿಸಿ, "ಇವನಿಗೆ ಇಂಗ್ಲಿಷ್ ಒಂದಕ್ಷರ ತಲೆಗೆ ಹತ್ತಲ್ಲ ಮಿಸ್" ಎಂದರು. ಮಿಸ್ ಮುಖ ಅರಳಿತು. "ಹೌದಾ? ಇಂಥವನನ್ನೇ ಹುಡುಕ್ತಾ ಇದ್ದೆ ಕಣ್ರೀ!" ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಅಜ್ಞಾನಕ್ಕೆ ಗಿರಾಕಿ ಸಿಕ್ಕಿತ್ತು.

ಮಿಸ್ ಹತ್ತಿರ ಒಂದು ಹಳೆಯ ಭಕ್ತಿಯ ಪುಸ್ತಕವಿತ್ತು. ಮುನ್ನೂರು ವರ್ಷಗಳ ಹಿಂದೆ ಯಾರೋ ಇಂಗ್ಲಿಷ್ ಪಾದ್ರಿ ಬರೆದದ್ದು. ಅವರ ಅಪ್ಪ ದಿನಾ ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ಅದನ್ನು ಓದುತ್ತಿದ್ದರಂತೆ. ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ಮಿಸ್‌ಗೆ ಅಪ್ಪನ ದನಿ ಮಾತ್ರ ಕೇಳುತ್ತಿತ್ತು, ಅರ್ಥ ಏನೂ ಆಗುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಒಂದು ದಿನ ತಾವೇ ಕೂತು ಓದಿದಾಗ, ಇಷ್ಟು ಒಳ್ಳೆಯ ಮಾತನ್ನು ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟರಲ್ಲ ಎಂದು ಸಿಟ್ಟೇ ಬಂತಂತೆ. ರಿಟೈರಾದ ಮೇಲೆ ಅಕ್ಕನ ಮಗಳಿಗೆ ಓದಲು ಕೊಟ್ಟರೆ ಅವಳು ಎರಡೇ ದಿನಕ್ಕೆ ವಾಪಸು ತಂದು, "ಆಂಟಿ, ಇದು ಇಂಗ್ಲಿಷಾ?" ಎಂದು ಕೇಳಿದಳು. ಅವತ್ತೇ ಮಿಸ್ ಪೆನ್ಸಿಲ್ ಚೂಪು ಮಾಡಿದರು. ಆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಇವತ್ತಿನ ಇಂಗ್ಲಿಷಿಗೆ ತರಬೇಕು.

ನನ್ನ ಕೆಲಸ ಇಷ್ಟೇ. ಅವರು ತಾವು ಹೊಸದಾಗಿ ಬರೆದ ವಾಕ್ಯ ಓದುವುದು, ನಾನು ಅದನ್ನು ನನ್ನ ಕನ್ನಡದಲ್ಲಿ ಹೇಳುವುದು. ಹೇಳಿದರೆ ವಾಕ್ಯ ಪಾಸು. ನಾನು ಕೆರೆ ದಡದ ಎಮ್ಮೆ ಹಾಗೆ ನೋಡಿದರೆ ಫೇಲು, ಮಿಸ್ ಅದನ್ನು ಹೊಡೆದುಹಾಕಿ ಮತ್ತೆ ಬರೆಯುವುದು. ಎದ್ದೇಳು ಆತ್ಮವೇ ಎನ್ನುವುದಕ್ಕೆ ಪಾದ್ರಿ ಹನ್ನೆರಡು ಸಾಲು ತೆಗೆದುಕೊಂಡಿದ್ದ. ನನ್ನ ದಡ್ಡತನದ ಕೃಪೆಯಿಂದ ಮಿಸ್ ಅದನ್ನು ಎರಡು ಸಾಲಿಗೆ ತಂದರು. ಒಂದು ಸಾಲಿಗೆ ಐದಾರು ಸಲ ಬರೆದದ್ದೂ ಉಂಟು. ಕೂಲಿ, ಒಂದು ಬಟ್ಟಲು ಕಲ್‌ಕಲ್.

ಹೀಗೆ ಸುಮಾರು ದಿನ ನಾನು ಪ್ರಾಮಾಣಿಕವಾಗಿ ದಡ್ಡನಾಗಿದ್ದೆ. ಆಮೇಲೆ ಸಂಜೆ ಐದಕ್ಕೆ ಗ್ರೌಂಡಿನಲ್ಲಿ ಟೂರ್ನಮೆಂಟ್ ಪ್ರಾಕ್ಟೀಸ್ ಶುರುವಾಯಿತು. ನಮ್ಮಜ್ಜಿ ಬೆಳಿಗ್ಗೆ ಟಿವಿಯಲ್ಲಿ ಪ್ರವಚನ ಹಾಕಿಕೊಂಡು ಕೂರುತ್ತಿದ್ದರು. ಅದರಿಂದ ಮೂರು ಮಾತು ಎತ್ತಿಕೊಂಡೆ. ಮಿಸ್ ವಾಕ್ಯ ಓದಿದ ತಕ್ಷಣ ಒಂದು ಸಲ "ಅಹಂಕಾರ ಬಿಡಬೇಕು" ಎನ್ನುತ್ತಿದ್ದೆ. ಮುಂದಿನದಕ್ಕೆ "ಎಲ್ಲ ಅವನ ಇಚ್ಛೆ". ಅದರ ಮುಂದಿನದಕ್ಕೆ "ನಮ್ಮದು ಅಂತ ಏನೂ ಇಲ್ಲ". ಮತ್ತೆ ಮೊದಲಿನಿಂದ. ಭಕ್ತಿಯ ಪುಸ್ತಕಕ್ಕೆ ಇದರಲ್ಲಿ ಯಾವುದಾದರೂ ಒಂದು ಹೊಂದದೆ ಇರುತ್ತದೆಯೇ? ಮಿಸ್ ಕನ್ನಡಕ ಮೇಲೇರಿಸಿ ನನ್ನನ್ನೇ ನೋಡುತ್ತಾ, "ಎಷ್ಟು ಆಳಕ್ಕೆ ಹೋಗ್ತೀಯೋ ನೀನು!" ಎಂದರು. ನಾನು ಆಳದಿಂದ ಎದ್ದು ಗಡಿಯಾರ ನೋಡಿಕೊಂಡೆ. ನಾಲ್ಕು ದಿನಕ್ಕೆ ಅಧ್ಯಾಯ ಮುಗಿಯಿತು. ಒಂದು ತಿದ್ದುಪಡಿಯೂ ಇಲ್ಲ.

ಅಷ್ಟರಲ್ಲಿ ಅವರ ಚರ್ಚಿನ ಪಾಸ್ಟರ್ ಒಂದು ಮಾತು ಕೊಟ್ಟರು. ಭಾನುವಾರ ಯುವಕರ ಕೂಟದಲ್ಲಿ ಮಿಸ್‌ಗೆ ಹತ್ತು ನಿಮಿಷ. ಹುಡುಗ ಹುಡುಗಿಯರಿಗೆ ಹಿಡಿಸಿದರೆ ಚರ್ಚೇ ಪುಸ್ತಕ ಅಚ್ಚು ಹಾಕಿಸುತ್ತದೆ. ಮಿಸ್ ಮೂರು ರಾತ್ರಿ ನಿದ್ದೆ ಮಾಡಲಿಲ್ಲವಂತೆ. ನನಗೆ ಹೇಳಿದರು, "ಅವರಿಗೇ ಬೇಡ ಅಂದ್ರೆ ಇನ್ಯಾರಿಗೋಸ್ಕರ ಬರೀಲಿ? ಫೈಲ್ ಕಟ್ಟಿ ಅಟ್ಟಕ್ಕೆ ಹಾಕ್ತೀನಿ, ಅಷ್ಟೇ."

"ಯಾವ ಅಧ್ಯಾಯ ಓದ್ತೀರಾ ಮಿಸ್?"

"ಮೊನ್ನೆ ತಾನೇ ಕಣ್ಣಿನ ಪೊರೆ ಆಪರೇಷನ್ ಆಗಿದೆ, ನಾನೆಲ್ಲಿ ಓದ್ಲಿ? ನೀನೇ ಓದು. ಒಂದು ಸಲಾನೂ ತಿದ್ದಿಸ್ದೆ ಪಾಸ್ ಮಾಡಿದ್ಯಲ್ಲ, ಅದು. ನಿಂಗೇ ಅರ್ಥ ಆಗಿದೆ ಅಂದ್ಮೇಲೆ ಯಾರಿಗೆ ಆಗಲ್ಲ?"

ಅಲ್ಲೇ ಕಾಲಿಗೆ ಬಿದ್ದು ಒಪ್ಪಿಕೊಂಡಿದ್ದರೆ ನಾನು ನಾನಾಗಿರುತ್ತಿರಲಿಲ್ಲ. "ಆಯ್ತು ಮಿಸ್" ಎಂದೆ. ಆ ಹಾಳೆಗಳನ್ನು ಮನೆಗೆ ತಂದು ಓದಿಕೊಳ್ಳಬಹುದಿತ್ತು. ಅದೂ ಹೊಳೆಯಲಿಲ್ಲ.

ಭಾನುವಾರ ಚರ್ಚಿನ ಹಿಂದಿನ ಹಾಲ್‌ನಲ್ಲಿ ಮೂವತ್ತು ಜನ. ಹುಬ್ಬಳ್ಳಿ, ಚೆನ್ನೈ, ಕೊಟ್ಟಾಯಂ, ಎಲ್ಲ ಕಡೆಯವರು, ಹೆಚ್ಚಿನವರು ನರ್ಸುಗಳು, ಆಫೀಸಿನವರು. ಪಕ್ಕದ ಕೋಣೆಯಲ್ಲಿ ಬಿರಿಯಾನಿ ಬಿಸಿಯಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಮಿಸ್, ಕಪ್ಪು ಕನ್ನಡಕ, ತೊಡೆಯ ಮೇಲೆ ಎರಡೂ ಕೈ. ನಾನು ಅಮ್ಮ ಇಸ್ತ್ರಿ ಮಾಡಿಕೊಟ್ಟ ಶರ್ಟು ಹಾಕಿಕೊಂಡು ಓದತೊಡಗಿದೆ. ಜಗಳವಾಡಿ ಮಾತು ಬಿಟ್ಟ ಇಬ್ಬರು ನೆರೆಮನೆಯವರ ಕಥೆ ಅದು ಎಂದು ನನಗೆ ಅಲ್ಲೇ, ಆಗಲೇ ತಿಳಿಯಿತು. ಒಬ್ಬ ಇನ್ನೊಬ್ಬನ ಬಾಗಿಲಿಗೆ ಹೋಗುತ್ತಾನೆ, ಬರುತ್ತಾನೆ, ಹೋಗುತ್ತಾನೆ. ವಾಕ್ಯ ಮುಗಿಯುವುದೇ ಇಲ್ಲ. ನನ್ನ ಉಸಿರು ಮುಗಿಯಿತು.

ಹಿಂದಿನಿಂದ ಒಬ್ಬ ಕೈ ಎತ್ತಿದ. "ಬ್ರದರ್, ಈಗ ಬಾಗಿಲ ಹೊರಗೆ ಇರೋದು ಯಾರು?"

ನಾನು ಹಾಳೆ ನೋಡಿದೆ. ಹಾಳೆ ನನ್ನನ್ನು ನೋಡಿತು. ಅಭ್ಯಾಸಬಲದಿಂದ ಬಾಯಿ ತಾನಾಗಿ ತೆರೆಯಿತು. "ಅಹಂಕಾರ ಬಿಡಬೇಕು ಅಂತ ಇದರ ಅರ್ಥ."

"ಅದಲ್ರಿ," ಎಂದಳು ಹುಬ್ಬಳ್ಳಿ ಕಡೆಯ ಒಬ್ಬ ನರ್ಸು. "ಬಾಗಲಾ ಹೊರಗ ನಿಂತಾಂವ ಯಾರು ಅಂತ ಕೇಳಾಕತ್ತೇವಿ."

ಹಾಲ್ ಪೂರ್ತಿ ನಕ್ಕಿತು. ಮಿಸ್ ನಗಲಿಲ್ಲ. ಆ ಮುಖ ನೋಡಿ ನನ್ನ ಮೂರೂ ಪ್ರವಚನ ಆವಿಯಾದವು. "ಮಿಸ್, ನೀವು ಈ ಅಧ್ಯಾಯ ಓದುವಾಗ ನಾನು ಕೇಳಿಸ್ಕೊಂಡೇ ಇರ್ಲಿಲ್ಲ."

"ಎಷ್ಟು ಪುಟ?"

"ಪೂರ್ತಿ ಮಿಸ್..."

ಅವರು ಎದ್ದು ಬಂದು, ತಡವಿಕೊಂಡು, ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡರು. ಒಂದು ಮಾತು ಬೈದಿದ್ದರೂ ಸಾಕಿತ್ತು. ಫೈಲಿನ ದಾರ ಹುಡುಕುತ್ತಿದ್ದರು, ಕೈಗೆ ಸಿಗುತ್ತಿರಲಿಲ್ಲ. ಪಾಸ್ಟರ್ ಗಂಟಲು ಸರಿಮಾಡಿಕೊಂಡು ಊಟದ ಕಡೆ ನೋಡಿದರು.

"ಕಟ್ಟಬ್ಯಾಡ್ರಿ ಮಿಸ್," ಎಂದಳು ಅದೇ ನರ್ಸು. "ಅಂವ ಬಾಗಲಾ ಬಡದ್ನೋ ಇಲ್ಲೋ, ಅದನ್ನರ ಹೇಳಿ ಹೋಗ್ರಿ."

ಮಿಸ್ ದಾರ ಬಿಟ್ಟರು. ನಿಂತಲ್ಲೇ ಹೇಳತೊಡಗಿದರು. ತಟ್ಟಲು ಕೈ ಎತ್ತಿ ಎತ್ತಿ ಇಳಿಸುತ್ತಿದ್ದವನ ಕಥೆಯನ್ನು ಕ್ಲಾಸಿನಲ್ಲಿ ಹೇಳುವ ಹಾಗೆ, ಕೈ ಎತ್ತಿ, ಇಳಿಸಿ. ಚೆನ್ನೈ ಹುಡುಗನೊಬ್ಬ, ಇದು ಮೆಸೇಜ್ ಟೈಪ್ ಮಾಡಿ ಡಿಲೀಟ್ ಮಾಡುವ ಹಾಗೇ ಇದೆ, ಹಾಗೇ ಬರೆದುಬಿಡಿ ಎಂದ. ಮಿಸ್ ಕನ್ನಡಕದೊಳಗಿಂದಲೇ ಗುರಾಯಿಸಿದರು. "ಆ ಬಡ ಪಾದ್ರಿ ಕೈಗೆ ನಾನು ಮೊಬೈಲ್ ಕೊಡಲ್ಲಪ್ಪ! ಬಾಗಿಲು ಬಾಗಿಲಾಗೇ ಇರ್ಲಿ. ವಾಕ್ಯ ಮಾತ್ರ ಹೇಗೆ ಮುರಿಯೋದು, ಅದನ್ನ ಹೇಳಿ." ಮೂವತ್ತು ಜನ ಒಟ್ಟಿಗೆ ಮುರಿದರು. ಕೊಟ್ಟಾಯಂನವರು ಒಂದು ಕಡೆ, ಚೆನ್ನೈಯವರು ಇನ್ನೊಂದು ಕಡೆ, ಒಂದು ಫುಲ್‌ಸ್ಟಾಪಿಗೆ ಪಾರ್ಲಿಮೆಂಟಿನಷ್ಟು ಗಲಾಟೆ. ಹತ್ತು ನಿಮಿಷ ಎರಡು ಗಂಟೆಯಾಯಿತು. ಬಿರಿಯಾನಿ ಆರಿ ಕಲ್ಲಾಗಿತ್ತು. ಪಾಸ್ಟರೇ ಬಂದು, ಮುಂದಿನ ಭಾನುವಾರವೂ ಹಾಲ್ ನಿಮ್ಮದೇ ಎಂದರು.

ವಾಪಸು ಬರುವಾಗ ಆಟೋದಲ್ಲಿ ಮಿಸ್ ಬನಶಂಕರಿಯವರೆಗೂ ಹಾಳೆಗಳನ್ನು ಜೋಡಿಸುತ್ತಾ ಕೂತಿದ್ದರು. ಆಮೇಲೆ ಹೊರಗೆ ನೋಡುತ್ತಲೇ, "ಅಹಂಕಾರ ಬಿಡಬೇಕು, ಅಲ್ವೇನೋ?" ಎಂದು, ತಡೆಯಲಾಗದೆ ನಕ್ಕುಬಿಟ್ಟರು. ಡ್ರೈವರ್ ತಿರುಗಿ ನೋಡುವಷ್ಟು ನಕ್ಕರು. ಮಾರನೇ ದಿನದಿಂದ ಪ್ರತಿ ವಾಕ್ಯವನ್ನೂ ನನ್ನಿಂದ ಎರಡೆರಡು ಸಲ ಹೇಳಿಸಿದರು. ಆ ವರ್ಷ ನಾನು ಇಂಗ್ಲಿಷ್ ಪಾಸಾದೆ. ಅಮ್ಮ ಅದನ್ನು ಪವಾಡ ಎಂದೇ ನಂಬಿದ್ದಾರೆ, ನಾನೂ ತಿದ್ದಿಲ್ಲ.

ಭಾನುವಾರಗಳಲ್ಲಿ ಪುಸ್ತಕ ಮುಗಿಯಿತು. ಅಚ್ಚಿಗೆ ಹೋಗುವ ಮುನ್ನ ಮಿಸ್ ಹೋಗಿಬಿಟ್ಟರು... ಮುನ್ನುಡಿ ಬರೆಯುವುದೊಂದು ಬಾಕಿಯಿತ್ತು. ಅದನ್ನು ಬೇರೆ ಯಾರೂ ಬರೆಯುವುದು ಬೇಡ ಎಂದು ಎಲ್ಲರೂ ತೀರ್ಮಾನಿಸಿದ್ದರಿಂದ ಪುಸ್ತಕ ನೇರವಾಗಿ ಮೊದಲ ಅಧ್ಯಾಯದಿಂದಲೇ ಶುರುವಾಗುತ್ತದೆ. ಎದುರು ಮನೆ ಮಹಡಿಯಲ್ಲಿ ಈಗ ಬೇರೆಯವರಿದ್ದಾರೆ. ಬಾಲ್ಕನಿ ತುಂಬ ಗಿಡ ಇಟ್ಟಿದ್ದಾರೆ, ಒಳ್ಳೆಯ ಜನ. ಆದರೂ ನಾನು ಗಾಡಿ ತೆಗೆಯುವಾಗ ಒಂದು ಸಲ ಮೇಲೆ ನೋಡುತ್ತೇನೆ.

ಮೊನ್ನೆ ಭಾನುವಾರ ಆ ಹಾಲ್‌ಗೆ ಹೋಗಿದ್ದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದೇ ಬಾಗಿಲಿನ ಅಧ್ಯಾಯವನ್ನು ಜೋರಾಗಿ ಓದುತ್ತಿದ್ದಳು. ಎಲ್ಲೂ ತಡವರಿಸಲಿಲ್ಲ. ಹುಬ್ಬಳ್ಳಿಯ ನರ್ಸು ನನ್ನ ಪಕ್ಕದಲ್ಲೇ ಕೂತಿದ್ದಳು. ಅವತ್ತು ಮಿಸ್ ಮುಖ ಹೇಗಾಗಿತ್ತು ಎನ್ನುವುದು ನನಗೆ ಇನ್ನೂ ಚುಚ್ಚುತ್ತದೆ, ಅಷ್ಟು ಜನರ ಮುಂದೆ ಅವರನ್ನು ನಿಲ್ಲಿಸಿದ್ದು ನಾನೇ ಎಂದು ಅವಳಿಗೆ ಮೆಲ್ಲಗೆ ಹೇಳಿದೆ. ಅವಳು ಓದುವವಳ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು:

"ಸುಮ್ಕಿರ್ರಿ. ನೀವು ಅವತ್ತ ಚಂದ ಓದಿದ್ರ ನಾವೆಲ್ಲಾ ಚಪ್ಪಾಳಿ ಹೊಡದು, ಬಿರಿಯಾನಿ ತಿಂದು, ಮನಿಗೆ ಹೋಗಿಬಿಡ್ತಿದ್ವಿ. ಮಿಸ್ ಯಾರಂತನೂ ನಮಗ ಗೊತ್ತಾಗ್ತಿರಲಿಲ್ಲ."