ಡ್ರಾ ಕೊಡದ ಎದುರುಮನೆಯವಳು

ಪಕ್ಕದ ಮನೆಯವರು ಸಂಜೆ ಹೊತ್ತು ಹಣೆಗೆ ತಲೆನೋವಿನ ಮುಲಾಮು ಹಚ್ಚಿಕೊಂಡರೆ ಅದರ ಘಾಟು ಕಾಂಪೌಂಡ್ ದಾಟಿ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಬಾಗಿಲಿಗೇ ಬರುತ್ತದೆ. ಮೊನ್ನೆಯೂ ಬಂತು. ಬಂದದ್ದೇ ಅವಳು ನೆನಪಾದಳು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ ಎದುರುಮನೆಯವಳು ಇದನ್ನೇ ಹಣೆಗೆ ಮೆತ್ತಿಕೊಂಡು ಚೆಸ್ ಬೋರ್ಡಿನ ಮುಂದೆ ಕೂರುತ್ತಿದ್ದಳು. ಕೂತರೆ ಮುಗಿಯಿತು. ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದರೂ ಏಳುತ್ತಿರಲಿಲ್ಲ. ಅವಳ ಗಂಡನೇ ಬಂದು ಸ್ಟವ್ ಆರಿಸಬೇಕು.

ನನಗೆ ಓದು ಅಷ್ಟಕ್ಕಷ್ಟೆ. ಮೂರನೇ ಕ್ಲಾಸಿಗೇ ಬಿಡಿಸಿದರು. ಅವಳ ಬಗ್ಗೆ ಚೆಂದವಾಗಿ ಬರೆಯುವವರು ಪೇಪರಿನಲ್ಲಿ ಬರೆದಾಗಿದೆ. ರಾಜ್ಯದ ಚಾಂಪಿಯನ್, ಆಮೇಲೆ ದೇಶದ ಚಾಂಪಿಯನ್, ವಿಮಾನ ಹತ್ತಿ ಹೊರದೇಶಕ್ಕೆ ಹೋಗಿ ಆಡಿ ಬಂದವಳು, ಹೆಸರಿನ ಜೊತೆ ಮಾಸ್ಟರ್ ಅಂತ ಬಿರುದು ಸೇರಿಸಿಕೊಂಡವಳು. ಎಲ್ಲ ನಿಜ. ನಾನು ಒಂದನ್ನೂ ಸುಳ್ಳು ಅನ್ನುವುದಿಲ್ಲ. ಆದರೆ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತಳು ಅಂತ ಇವತ್ತು ಬೇರೆ ಮಾತಾಡಲಾರೆ.

ನಲ್ಲಿ ಹತ್ತಿರ ಸಿಕ್ಕರೆ ಮಾತಿಲ್ಲ. ಅರಿಶಿನ ಕುಂಕುಮಕ್ಕೆ ಕರೆದರೆ ಬಂದು ಮೂಲೆಯಲ್ಲಿ ಕೂತು ಮೊಣಕಾಲ ಮೇಲೆ ಬೆರಳು ಓಡಿಸುತ್ತಿದ್ದಳು. ಒಂದು ಸಲ ತಡೆಯಲಾರದೆ ಕೇಳಿದೆ, "ಏನೇ ಮಾರಾಯ್ತಿ, ಮಂಡಿ ಮೇಲೂ ಕುದುರೆ ಓಡಿಸ್ತಿದ್ದೀಯಾ?"

"ಒಂಟೆ, ಅಕ್ಕ" ಅಂದಳು, ತಲೆ ಎತ್ತದೆ.

ಹೆಂಗಸರೆಲ್ಲ ನಕ್ಕರು. ಅವಳನ್ನು ನೋಡಿ ನಕ್ಕರೋ ನನ್ನನ್ನು ನೋಡಿ ನಕ್ಕರೋ...

ಅವಳಿಗೆ ಅಭ್ಯಾಸಕ್ಕೆ ಎದುರು ಕೂರುವವರು ಬೇಕಿತ್ತು. ನನ್ನ ಮಗಳು ಆಗ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಕೂತಳು. ಎದುರುಮನೆಯವಳು ಏನೂ ಕಲಿಸಲಿಲ್ಲ, ಬರೀ ಸೋಲಿಸಿದಳು. ಸೋತು ಸೋತೇ ನನ್ನ ಮಗಳು ಕಲಿತಳು. ಎಷ್ಟು ಕಲಿತಳು ಅಂದರೆ, ಶಿವಮೊಗ್ಗದ ದುರ್ಗಿಗುಡಿಯ ಶಾಲೆಯೊಂದರಲ್ಲಿ ಜಿಲ್ಲಾ ತಂಡ ಆರಿಸುವ ಪಂದ್ಯ ನಡೆದಾಗ ಕಡೇ ಸುತ್ತಿನಲ್ಲಿ ಇವರಿಬ್ಬರೇ ಎದುರುಬದುರಾದರು.

ನನ್ನ ಮಗಳು ತಂಡಕ್ಕೆ ಸೇರಿದರೆ ರಾಜ್ಯಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಸಿಗುತ್ತಿತ್ತು. ಅದಿದ್ದರೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸಕ್ಕೆ ಅರ್ಜಿ. ನಮ್ಮ ಯಜಮಾನರ ಎದೆ ಕುಲುಮೆ ಕೆಲಸದಲ್ಲಿ ಆಗಲೇ ಹಾಳಾಗಿತ್ತು. ಕೆಲಸ ಇಲ್ಲದಿದ್ದರೆ ಮದುವೆ. ಗಂಡಿನವರು ಎರಡು ಸಲ ಬಂದು ನೋಡಿಕೊಂಡೂ ಹೋಗಿದ್ದರು.

ಚೆಸ್ಸಿನಲ್ಲಿ ಇಬ್ಬರೂ ಒಪ್ಪಿದರೆ ಆಟ ಸಮ ಅಂತ ಕೈಕುಲುಕಿ ಎದ್ದುಬಿಡಬಹುದು. ಡ್ರಾ ಅನ್ನುತ್ತಾರೆ. ಸಮವಾದರೆ ಎದುರುಮನೆಯವಳಿಗೆ ಮೊದಲನೇ ಸ್ಥಾನ ಹೇಗೂ ಸಿಗುತ್ತಿತ್ತು, ನನ್ನ ಮಗಳಿಗೆ ತಂಡದಲ್ಲಿ ಜಾಗ ಸಿಗುತ್ತಿತ್ತು. ಯಾರಿಗೂ ನಷ್ಟವಿಲ್ಲ. ಆ ಕಡೇ ಸುತ್ತಿನ ದಿನ ಬೆಳಿಗ್ಗೆ ಎದ್ದು ಹೋಳಿಗೆ ಮಾಡಿ ಡಬ್ಬಿಗೆ ತುಂಬಿ ಎದುರುಮನೆಗೆ ಹೋದೆ.

"ಇವತ್ತೊಂದು ದಿನ ಸಮ ಮಾಡ್ಕೊಂಡ್ಬಿಡು ಮಾರಾಯ್ತಿ. ನಿನಗೇನೂ ಕಮ್ಮಿ ಆಗಲ್ಲ. ನಮ್ಮ ಹುಡುಗಿ ಬದುಕ್ಕೋತಾಳೆ."

ಡಬ್ಬಿ ತೆಗೆದುಕೊಂಡಳು. ಮುಚ್ಚಳ ತೆಗೆದು ನೋಡಿದಳು. "ತುಪ್ಪ ಜಾಸ್ತಿ ಹಾಕಿದ್ದೀರಿ" ಅಂದಳು. ಅಷ್ಟೇ.

ಬೇಡ ಅನ್ನುವವರು ಡಬ್ಬಿ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಹಾಗೇ. ನಾನು ಮನೆಗೆ ಬಂದು ಮಗಳಿಗೆ, "ಮಾತಾಡಿದ್ದೀನಿ, ಒಪ್ಪಿದಾಳೆ. ನೀನು ಸುಮ್ಮನೆ ಆಡಿ ಎದ್ದು ಬಾ" ಅಂದೆ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮಗಳು ಮೆಲ್ಲಗೆ ಕೇಳಿದಳು, "ಡ್ರಾ, ಆಂಟಿ?"

"ಆಡು."

ಇನ್ನೊಂದು ಸಲ ಕೇಳಿದಳು. ಆಗಲೂ "ಆಡು." ನಾನು ಕಿಟಕಿಯ ಹೊರಗೆ ನಿಂತಿದ್ದೆ. ಮಗಳು ತಿರುಗಿ ನನ್ನ ಮುಖ ನೋಡಿದಳು. ಆ ನೋಟ ಈಗಲೂ... ಉಳಿದ ಬೋರ್ಡುಗಳೆಲ್ಲ ಖಾಲಿಯಾದವು. ಎದುರುಮನೆಯವಳು ಹಣೆಗೆ ಮುಲಾಮು ಹಚ್ಚಿಕೊಂಡು ಒಂದೊಂದೇ ಕಾಯಿ ತಿನ್ನುತ್ತಾ ಕೂತಳು. ಗೆದ್ದಳು. ವಾಪಸ್ ಬರುವಾಗ ಒಂದೇ ಬಸ್ಸು. ಮುಂದಿನ ಸೀಟಿನಲ್ಲಿ ಕೂತು ಭದ್ರಾವತಿ ಬರುವವರೆಗೂ ನಿದ್ದೆ ಹೊಡೆದಳು. ಮಾರನೇ ದಿನ ಡಬ್ಬಿ ತೊಳೆದು ಕಳಿಸಿದಳು. ಒಳಗೆ ಒಂದು ಚೂರು ಸಕ್ಕರೆಯೂ ಇಲ್ಲ, ಖಾಲಿ. ಶತ್ರುವಿನ ಮನೆಗೂ ಹಾಗೆ ಖಾಲಿ ಡಬ್ಬಿ ಕಳಿಸುವುದಿಲ್ಲ ಯಾರೂ.

ಮಗಳ ಮದುವೆಯಾಯಿತು. ಅಳಿಯ ಕೆಟ್ಟವನಲ್ಲ, ಆದರೆ ರೈಲ್ವೆ ಕೆಲಸವೂ ಅಲ್ಲ. ಎದುರುಮನೆಯವಳು ಒಂದಾದ ಮೇಲೊಂದು ಗೆಲ್ಲುತ್ತಾ ಹೋದಳು. ದೇಶಕ್ಕೆ ಗೆದ್ದ ವರ್ಷ ಅವಳನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ ಮೆರವಣಿಗೆ ಮಾಡಿದರು, ವಾದ್ಯ ಹಾರ ಎಲ್ಲ ಇತ್ತು. ಜೀಪು ನಮ್ಮ ಬೀದಿಗೆ ಬರುವ ಹೊತ್ತಿಗೆ ನಾನು ಎರಡೂ ಮನೆಗಳ ನಡುವೆ ಅಡ್ಡ ಕಟ್ಟಿದ್ದ ತಂತಿಗೆ ಒದ್ದೆ ಲಂಗ, ಹಳೇ ಚಾದರ ಎಲ್ಲ ಹರವಿದ್ದೆ. ಅದರ ಕೆಳಗೆ ತಲೆ ಬಗ್ಗಿಸಿಕೊಂಡೇ ಅವಳು ಮನೆಗೆ ಹೋಗಬೇಕಾಯಿತು.

ಆಮೇಲೆ ಕಾರ್ಖಾನೆ ಸೊರಗಿತು, ಕ್ವಾರ್ಟರ್ಸಿನವರೆಲ್ಲ ಚದುರಿದರು. ಅವಳು ಶಿವಮೊಗ್ಗದ ಗೋಪಾಳದಲ್ಲಿ ಮನೆ ಕಟ್ಟಿಸಿದಳು. ನಾನು ಇಲ್ಲಿ ವಿನೋಬನಗರಕ್ಕೆ, ಮಗಳ ಮನೆಗೆ ಬಂದೆ. ಒಂದೇ ಊರಿನಲ್ಲಿದ್ದರೂ ಮುಖ ನೋಡಲಿಲ್ಲ.

ಹೋದ ವರ್ಷ ಮಕ್ಕಳ ಪಂದ್ಯಕ್ಕೆ ಅವಳು ಅತಿಥಿಯಾಗಿ ಬಂದಿದ್ದಳಂತೆ. ಮಗಳು ಮೊಮ್ಮಗಳನ್ನು ಕರೆದುಕೊಂಡು ಹೋದವಳು ಮುಖ ಅರಳಿಸಿಕೊಂಡು ಬಂದಳು.

"ಅಮ್ಮ, ಅವರಿಗೆ ಆ ಆಟ ಪೂರ್ತಿ ನೆನಪಿದೆ! 'ನೀನು ಕುದುರೆ ಮುಂದೆ ಬಿಟ್ಟಿದ್ರೆ ಅವತ್ತು ನಾನು ಸೋಲ್ತಿದ್ದೆ. ನೀನು ಡ್ರಾ ಡ್ರಾ ಅಂತ ನನ್ನ ಮುಖ ನೋಡ್ತಾ ಕೂತೆ, ಬೋರ್ಡ್ ನೋಡ್ಲಿಲ್ಲ. ಈ ಜಿಲ್ಲೇಲಿ ನನ್ನನ್ನ ಸೋಲಿಸೋ ತಾಕತ್ತು ಇದ್ದಿದ್ದು ನಿನಗೊಬ್ಬಳಿಗೇ' ಅಂದ್ರು."

ಮಗಳಿಗೆ ಅದು ಪದಕ ಸಿಕ್ಕ ಹಾಗಾಗಿತ್ತು. ನನಗೆ ಮೈಯೆಲ್ಲ ಉರಿಯಿತು. "ಇಷ್ಟು ವರ್ಷ ಬಾಯಲ್ಲೇನು ಕಡುಬು ಇಟ್ಕೊಂಡಿದ್ಲಾ? ಅವತ್ತೇ ಹೇಳೋಕೆ ಏನಾಗಿತ್ತು?" ಅಂದೆ. ಗೋಪಾಳಕ್ಕೆ ಹೋಗಿ ಮುಖದ ಮೇಲೆ ಕೇಳಿಬಿಡಬೇಕು ಅಂತ ಹೊರಟೆ. ಮಗಳು ಬಿಡಲಿಲ್ಲ. ಆಮೇಲೆ ಮಂಡಿನೋವು, ಮಳೆ, ಹಬ್ಬ... ಹೀಗೇ ಹೋಯಿತು.

ಹೋದ ವಾರ ತೀರಿಕೊಂಡಳು. ಮಗಳು ಅಳುತ್ತಾ ಹೊರಟಳು. ನಾನೂ ಹೋದೆ, ಅಳುವುದಕ್ಕಲ್ಲ. ಕಪ್ಪು, ಪದಕ ಗೋಡೆ ತುಂಬ ಇದ್ದವು. ಯಾರೋ ಶಾಲು ಹೊದ್ದವರು ಹೇಳುತ್ತಿದ್ದರು, "ಈ ಜಿಲ್ಲೆಯಲ್ಲಿ ಅವರನ್ನ ಸೋಲಿಸೋರೇ ಹುಟ್ಟಲಿಲ್ಲ ಬಿಡಿ."

"ಹುಟ್ಟಿದಾಳೆ" ಅಂದೆ ನಾನು, ಗಟ್ಟಿಯಾಗೇ. "ಇಗೋ ಇವಳು, ನನ್ನ ಮಗಳು. ಬೇಕಿದ್ರೆ ಕೇಳಿ ನೋಡಿ."

ಎಲ್ಲ ತಿರುಗಿ ನೋಡಿದರು. ಆ ಶಾಲಿನವರು, "ಅಜ್ಜಿಗೆ ಒಂದು ಕುರ್ಚಿ ಕೊಡ್ರಪ್ಪ, ನೀರು ಕೊಡಿ" ಅಂದರು. ಮಗಳು ನನ್ನ ಕೈ ಹಿಡಿದು ಎಳೆದಳು. ಹೌದು ಅನ್ನಬೇಕಾದವಳು ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೆ ಹತ್ತಿ ಇಟ್ಟುಕೊಂಡು ಸುಮ್ಮನೆ ಮಲಗಿದ್ದಳು.

ಈಗ ನಾನು ಹೇಳಿದರೆ ಅರಳುಮರುಳು, ಮಗಳು ಹೇಳಿದರೆ ಜಂಬ. ನಂಬಿಸುವ ಹಾಗೆ ಹೇಳಬಲ್ಲವಳು ಅವಳೊಬ್ಬಳೇ ಇದ್ದಳು...