ಶಾಲು ಹೊದ್ದು ಶುರುವಾದ ನಾಟಕ

ಸರ್ಕಾರ ಕಲೆಗೆ ದುಡ್ಡು ಕೊಡಬೇಕೇ ಎಂದು ಯಾರಾದರೂ ಕೇಳಿದರೆ ನಾನು ಕೊಡಬೇಕು ಎನ್ನುತ್ತೇನೆ. ಎನ್ನುವ ಮುಂಚೆ ಅತ್ತೆಯ ನಾಟಕ ನೆನಪಾಗಿ ಒಂದು ಕ್ಷಣ ತಡೆಯುತ್ತೇನೆ.

ಅತ್ತೆ ಎಂದರೆ ಅಪ್ಪನ ತಂಗಿ. ತಮಿಳು ನಾಡಿನ ಕ್ರೋಂಪೇಟೆಯ ಮನೆಯ ತಾರಸಿಯಲ್ಲಿ ತಿಂಗಳುಗಟ್ಟಲೆ ಕನ್ನಡ ನಾಟಕವೊಂದನ್ನು ಅಭ್ಯಾಸ ಮಾಡಿಸಿದ್ದರು. ಬರೆದದ್ದೂ ಅವರೇ, ಮುಖ್ಯ ಪಾತ್ರವೂ ಅವರದೇ: ಮದುವೆಮನೆಯಲ್ಲಿ ಎಲ್ಲರೂ ನಮಸ್ಕಾರ ಮಾಡುವ, ಆದರೆ ಯಾರೂ ಮಾತು ಕೇಳಿಸಿಕೊಳ್ಳದ ಮುದುಕಿ. ನಟರಲ್ಲಿ ಅರ್ಧ ಜನಕ್ಕೆ ಕನ್ನಡ ಓದಲು ಬಾರದು, ಮಾತುಗಳನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಕಲಿತರು.

ಬೆಂಗಳೂರಿನ ಸಂಸ್ಕೃತಿ ಇಲಾಖೆಯಿಂದ ಅನುದಾನ ಬಂತು. ಅಣ್ಣಾ ನಗರದಲ್ಲಿ ಒಳ್ಳೆಯ ಸಭಾಂಗಣ ಸಿಕ್ಕಿತು. ಅದರೊಂದಿಗೆ ನಮ್ಮ ಕನ್ನಡ ಸಂಘಕ್ಕೆ ಸನ್ಮಾನದ ಹುರುಪೂ ಬಂತು. ಇಲಾಖೆ ಅದನ್ನು ಕೇಳಿರಲಿಲ್ಲ. ಆದರೆ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಇಲ್ಲದ ಸಮಾರಂಭ ನಮ್ಮವರಿಗೆ ಒಗ್ಗರಣೆಯಿಲ್ಲದ ಸಾರು. ನಾಟಕದ ದಿನ ವೇದಿಕೆಯ ಮೇಲೆ ಕೂತ ಗಣ್ಯರ ಸನ್ಮಾನ ಮುಗಿಯುತ್ತಲೇ ಇರಲಿಲ್ಲ. ಪೇಟ ನನ್ನ ನೆನಪಿನಲ್ಲಿ ಕೆಂಪು, ಫೋಟೊದಲ್ಲಿ ನೇರಳೆ.

"ಇದು ನಾಟಕಮಾ, ಮೀಟಿಂಗಾ?" ಎಂದಳು ನನ್ನ ಮಗಳು.

ಸಭಾಂಗಣ ಬಿಟ್ಟುಕೊಡುವ ಹೊತ್ತು ಹತ್ತಿರವಾಗಿತ್ತು. ಕಾರ್ಯದರ್ಶಿ ಅತ್ತೆಯ ಬಳಿ ಬಂದು, "ಅಕ್ಕ, ಇನ್ನೂ ಐದಾರು ಜನ ಇದಾರೆ. ನಾಟಕ ಕೊಂಜಂ ಶಾರ್ಟ್ ಮಾಡ್ಕೊಳ್ಳಿ, ಕೊನೆ ಸೀನ್ ಒಂದು ಸಾಕು" ಎಂದರು.

"ಆಯ್ತಪ್ಪ. ಹಾಗಿದ್ರೆ ಮೊದಲು ನನಗೇ ಶಾಲು ಹೊದಿಸಿಬಿಡು."

ಕಾರ್ಯದರ್ಶಿಗೆ ಖುಷಿಯೋ ಖುಷಿ. ಶಾಲು ಹೊದ್ದ ಅತ್ತೆ ಮೈಕ್ ಹಿಡಿದರು. "ಎಲ್ಲರೂ ಬಂದ್ರಾ? ಕೂತ್ಕೊಳ್ಳಿ. ನಾನು ಹೇಳೋದು ಸ್ವಲ್ಪ ಉದ್ದ ಇದೆ."

ಅದು ನಾಟಕದ ಮೊದಲ ಮಾತು. ಕೃತಜ್ಞತೆಯ ಭಾಷಣವೆಂದು ಗಣ್ಯರು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ನಟರು ಒಬ್ಬೊಬ್ಬರಾಗಿ ಬಂದು, ಸನ್ಮಾನದ ಹಣ್ಣಿನ ಬುಟ್ಟಿಗಳನ್ನೇ ಮದುವೆಮನೆಯ ಸಾಮಾನಾಗಿ ಎತ್ತಿಕೊಂಡರು. ವೇದಿಕೆಯ ಕುರ್ಚಿಯಿಂದ ಮೊದಲು ಎದ್ದವರು ಇಲಾಖೆಯ ಅಧಿಕಾರಿ. ಪೇಟ ತೆಗೆದು, ಕೆಳಗಿಳಿದು, ಮುಂದಿನ ಸಾಲಿನಲ್ಲಿ ಕೂತರು. ನಾಟಕ ನೋಡಲಿಕ್ಕೇ ಎಂದು ನಾನು ನಂಬಿದ್ದೇನೆ. ಫೋನ್ ಬಂದಿತ್ತು ಎಂದು ನನ್ನ ಗಂಡನ ವಾದ. ಹೇಗೂ ಅವರು ಇಳಿದ ಮೇಲೆ ಉಳಿದವರೂ ಇಳಿಯಲೇಬೇಕಾಯಿತು.

ನಾಟಕ ಪೂರ್ತಿ ನಡೆಯಿತು. ಕೊನೆಯ ದೃಶ್ಯದಲ್ಲಿ, ಹೊತ್ತು ಮೀರಿತೆಂದು ಸಭಾಂಗಣದವರು ಏಸಿ ಆರಿಸಿದರು. ಯಾರೂ ಏಳಲಿಲ್ಲ.

ಈ ವರ್ಷವೂ ಅನುದಾನ ಬಂದಿದೆ. ಕಳೆದ ಸಲ ಸನ್ಮಾನ ತಪ್ಪಿದವರಿಗೆ ಈ ಸಲ ಮೊದಲು ಎಂದು ಸಂಘ ತೀರ್ಮಾನಿಸಿದೆ. ಅತ್ತೆ ಬೇಸರಿಸಿಕೊಂಡಿಲ್ಲ. ಅವರನ್ನೆಲ್ಲ ತಾರಸಿಗೆ ಕರೆಸಿ ಅಭ್ಯಾಸ ಮಾಡಿಸುತ್ತಿದ್ದಾರೆ. ಹೊಸ ನಾಟಕ ಸನ್ಮಾನದಿಂದಲೇ ಶುರುವಾಗುತ್ತದಂತೆ.